ಬಾಟಲಿಯೊಳಗಿನ ಗಂಡಸರು

ಮಸ್ಕತ್‌ನ ಅಲ್ ಖುವೈರ್‌ನ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷ ಸ್ಟೋರ್ ನೋಡಿಕೊಂಡಿದ್ದವನು ನಾನು. ಒಂದು ಗುರುವಾರ ಮ್ಯಾನೇಜರ್ ಕರೆದು, "ಪ್ರಾಜೆಕ್ಟ್ ಖಲಾಸ್" ಎಂದ. ಪ್ರಾಜೆಕ್ಟಿನ ಜೊತೆಗೆ ನಾನೂ ಖಲಾಸ್ ಎಂದು ಅರ್ಥವಾಗಲು ಎರಡು ನಿಮಿಷ ಬೇಕಾಯಿತು.

ನನ್ನ ಹೆಂಡತಿ ಆಗ ಒಮಾನಿನ ಒಳನಾಡಿನ ಇಬ್ರಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಏಳು ವರ್ಷದ ಮಗಳು ಅವಳ ಜೊತೆಗಿದ್ದಳು. ಅಲ್ಲಿಯವರೆಗೆ ವಾರಕ್ಕೊಮ್ಮೆ ಬಸ್ ಹತ್ತಿ ಬರುವ ಅತಿಥಿಯಾಗಿದ್ದ ನಾನು, ಅವಳ ವೀಸಾದ ಮೇಲೆ ಬಂದು ಖಾಯಂ ಆದೆ. ವೀಸಾದಲ್ಲಿ ಕೆಲಸ ಮಾಡುವಂತಿಲ್ಲ ಎಂದಿತ್ತು. ಊರಿನ ಗೆಳೆಯರಿಗೆ ಅಷ್ಟೇ ಸಾಕಾಯಿತು. ತಿಂಗಳಿಗೊಮ್ಮೆ ಕನ್ನಡದವರು, ಕೊಂಕಣಿಯವರು ಸೇರುವ ಕಡೆ ಹೋದರೆ ಯಾರಾದರೊಬ್ಬರು ಕೇಳುತ್ತಿದ್ದರು: "ಎಂತ ಮಾರಾಯ, ಕಫೀಲ್ ರಜೆ ಕೊಟ್ಟಳಾ?" ಕಫೀಲ್ ಎಂದರೆ ಇಲ್ಲಿ ವೀಸಾ ಕೊಡಿಸುವ ಯಜಮಾನ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗುವಿನ ಬಗ್ಗೆ ಈಗಲೂ ನನಗೆ ನಾಚಿಕೆಯಿದೆ.

ಕಟಪಾಡಿಯ ಹತ್ತಿರವಿರುವ ಅಮ್ಮನಿಗೂ, ಮಸ್ಕತ್‌ನಲ್ಲಿರುವ ಅಣ್ಣನಿಗೂ ನಾನು ಹೇಳಿದ್ದು, ಅಂಗಡಿಗಳಿಗೆ ಸಾಮಾನು ಸಪ್ಲೈ ಮಾಡುವ ಸಣ್ಣ ಬಿಸಿನೆಸ್ ಎಂದು. ನಿಜದಲ್ಲಿ ನಾನು ಮಾಡುತ್ತಿದ್ದುದು ಬೆಳಿಗ್ಗೆ ಮಗಳಿಗೆ ಜಡೆ ಹಾಕಿ ಶಾಲೆಯ ಬಸ್ಸಿಗೆ ಬಿಡುವುದು, ಪಾತ್ರೆ, ಬಟ್ಟೆ, ಸಂತೆ, ಅಡುಗೆ. ಕಡಲತೀರದ ಸಹಮ್ ಕಡೆಯಿಂದ ಮೀನಿನ ಪಿಕಪ್ ಬಂದ ದಿನ ಬಂಗುಡೆಗೆ ಮಸಾಲೆ ಅರೆಯುವಾಗ ಅಡುಗೆಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಮಿಕ್ಸಿಯ ಸದ್ದು ಕೇಳಿದರೆ ಪಕ್ಕದವರಿಗೆ ಗೊತ್ತಾದೀತು ಎಂಬ ಭಯ. ಹೆಂಡತಿ ಡ್ಯೂಟಿಗೆ ಹೋಗಿದ್ದು ಎಲ್ಲರಿಗೂ ಕಾಣುತ್ತಿತ್ತಲ್ಲ!

ಬಟ್ಟೆ ಒಣಗಿಸುವುದು ಮಾತ್ರ ತಾರಸಿಯ ಮೇಲೆಯೇ ಆಗಬೇಕಿತ್ತು. ಹೆಂಡತಿಯ ನೈಟಿ, ಒಳಬಟ್ಟೆಗಳನ್ನು ನಾನು ಎರಡು ಬೆಡ್‌ಶೀಟ್‌ಗಳ ನಡುವೆ ಅಡಗಿಸಿ ಹಾಕುತ್ತಿದ್ದೆ. ಅಂಥ ಒಂದು ದಿನ ಹಗ್ಗದ ಆಚೆ ಬದಿಗೆ ಎತ್ತರದ, ದಪ್ಪ ಕನ್ನಡಕದ ಒಬ್ಬ ಆಫ್ರಿಕಾದವನು ನಿಂತಿದ್ದ. ಮೇಲಿನ ಮಹಡಿಗೆ ಹೊಸದಾಗಿ ಬಂದ ಉಗಾಂಡಾದ ಸಂಸಾರ ಎಂದು ಕೇಳಿದ್ದೆ. ಅಂಥವರಿಂದ ಸ್ವಲ್ಪ ದೂರ ಇರು ಎಂದು ಕೆಳಗಿನ ಅಂಗಡಿಯವನು ಹೇಳಿದ್ದನ್ನೂ ಕೇಳಿದ್ದೆ. ಆ ಮಾತನ್ನು ನಂಬಿಯೂ ಇದ್ದೆ. ಅವನು ತನ್ನ ಹೆಂಡತಿಯ ಹೂವಿನ ಲಂಗವನ್ನು ಎರಡು ಸಲ ಕೊಡವಿ, ಬಿಸಿಲಿಗೆ ನೇರವಾಗಿ ಹರಡಿ ಕ್ಲಿಪ್ ಹಾಕಿದ. ಆಮೇಲೆ ನನ್ನ ಬೆಡ್‌ಶೀಟಿನ ಕಡೆ ನೋಡಿ ಇಂಗ್ಲಿಷಿನಲ್ಲಿ ಕೇಳಿದ: "ಗೆಳೆಯ, ಆ ಬಟ್ಟೆ ಯಾರಿಂದ ಅಡಗಿ ಕೂತಿದೆ?"

ಅವನೇ ಬಂದು ಬೆಡ್‌ಶೀಟ್ ಸರಿಸಿದ. "ಒಳಗಿಟ್ಟರೆ ವಾಸನೆ ಬರುತ್ತದೆ."

ಅವನ ಹೆಂಡತಿ ನನ್ನ ಹೆಂಡತಿಯ ಆಸ್ಪತ್ರೆಯಲ್ಲೇ ಲ್ಯಾಬ್ ಟೆಕ್ನೀಷಿಯನ್. ಅವನು ಊರಿನಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಇಬ್ಬರು ಹೆಣ್ಣುಮಕ್ಕಳನ್ನು ನೋಡಿಕೊಳ್ಳಲು ಕೆಲಸ ಬಿಟ್ಟು ಬಂದಿದ್ದ. ಅದನ್ನು ಯಾರು ಕೇಳಿದರೂ ಹೇಳುತ್ತಿದ್ದ. ಬಿಸಿನೆಸ್ ಗಿಸಿನೆಸ್ ಇಲ್ಲ.

"ನಿಮ್ಮ ಊರಲ್ಲಿ ಏನೂ ಅನ್ನುವುದಿಲ್ಲವಾ?" ಎಂದು ಒಂದು ದಿನ ಕೇಳಿದೆ.

"ಅನ್ನುವುದಿಲ್ಲವೇ? ನನ್ನ ಹೆಂಡತಿ ನನ್ನನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿದಿದ್ದಾಳಂತೆ. ಹೆಂಡತಿಯ ಮಾತು ಕೇಳುವ ಗಂಡಸಿಗೆ ನಮ್ಮಲ್ಲಿ ಹಾಗೇ ಹೇಳುವುದು. ಮಾಟ ಮಾಡಿಸಿ ಬಾಟಲಿಗೆ ಇಳಿಸಿದಳು ಅಂತ."

ನಾನು ನಕ್ಕುಬಿಟ್ಟೆ. ನಮ್ಮ ಚಿಕ್ಕಮ್ಮ ಫೋನಿನಲ್ಲಿ ಪಿಸುಗುಟ್ಟಿದ್ದು ಇದನ್ನೇ: ಹೆಂಡತಿ ನಿನಗೆ ಕೈಮದ್ದು ಹಾಕಿರಬೇಕು, ರಜೆಯಲ್ಲಿ ಬಂದಾಗ ಮದ್ದು ಕಕ್ಕಿಸುವವರ ಹತ್ತಿರ ಹೋಗಿ ಬರೋಣ. ಪ್ರತಿ ಭಾನುವಾರ ಇಗರ್ಜಿಯ ಮೊದಲ ಸಾಲಿನಲ್ಲಿ ಕೂರುವ ಚಿಕ್ಕಮ್ಮ! ಅನ್ನದಲ್ಲಿ ಮದ್ದು ಬೆರೆಸಿದರೆ ಗಂಡ ಹೆಂಡತಿಗೆ ದಾಸನಾಗುತ್ತಾನಂತೆ ಎಂದು ಅವನಿಗೆ ವಿವರಿಸಿದೆ.

"ಆದರೆ ಅನ್ನ ಮಾಡುವುದು ನೀನಲ್ಲವಾ?" ಎಂದ ಮೇಷ್ಟ್ರು. "ಹಾಗಾದರೆ ಮದ್ದು ಹಾಕುತ್ತಿರುವುದು ಯಾರಿಗೆ ಯಾರು? ನಿಮ್ಮವರ ಲೆಕ್ಕ ತಪ್ಪಿದೆ."

ಅವನಿಂದ ಅವನ ಊರಿನ ಎಷ್ಟೋ ವಿಷಯ ತಿಳಿಯಿತು. ಅವನ ಅಜ್ಜ ಅಡುಗೆಮನೆಯ ಹೊಸ್ತಿಲು ದಾಟಿದವನಲ್ಲ. ಮಡಕೆಯ ಮುಚ್ಚಳ ಎತ್ತಿ ನೋಡಿದ ಗಂಡಸನ್ನು ಗಂಡಸೆಂದು ಎಣಿಸುತ್ತಿರಲಿಲ್ಲ. ಅಜ್ಜಿ ಬಾಳೆಯೆಲೆಯಲ್ಲಿ ಕಟ್ಟಿ ನೂರಾರು ಕೋಳಿ ಬೇಯಿಸಿದವಳು, ಆದರೆ ಒಂದು ತುಂಡು ತಿಂದವಳಲ್ಲ. ಆಗ ಹೆಂಗಸರು ಕೋಳಿ ತಿನ್ನುವಂತಿರಲಿಲ್ಲ. ಈಗ ತಿನ್ನುತ್ತಾರೆ, ಆದರೂ ಕೋಳಿಯ ಹೊಟ್ಟೆಯೊಳಗೆ ಕಾಳು ಅರೆಯುವ ಆ ಗಟ್ಟಿ ಮಾಂಸದ ಉಂಡೆ ಮನೆಯ ಯಜಮಾನನ ತಟ್ಟೆಗೇ ಹೋಗಬೇಕು. ಹೆಂಗಸು ಅದನ್ನು ತಿಂದಳೆಂದು ಸಂಸಾರ ಮುರಿದದ್ದೂ ಉಂಟಂತೆ. ಅವನು ಅದನ್ನು ಎರಡಾಗಿ ಕತ್ತರಿಸಿ ಇಬ್ಬರು ಹೆಣ್ಣುಮಕ್ಕಳಿಗೆ ಬಡಿಸುತ್ತಿದ್ದ.

"ಆಫ್ರಿಕಾದಲ್ಲಿ ಹೀಗಾ?" ಎಂದೆ ನಾನು, ದೊಡ್ಡ ತಿಳಿವಳಿಕೆಯವನ ಹಾಗೆ.

ಅವನಿಗೆ ಸಿಟ್ಟು ಬಂತು. "ಆಫ್ರಿಕಾ ಒಂದು ಊರಲ್ಲ. ನಾನು ಹೇಳಿದ್ದು ನನ್ನ ಕುಲದ್ದು. ನಿಮ್ಮ ಮನೆಯಲ್ಲಿ ಕೋಳಿ ಕಾಲು ಯಾರ ತಟ್ಟೆಗೆ ಬೀಳುತ್ತಿತ್ತು, ಅದನ್ನು ಹೇಳು."

ಅಪ್ಪನ ತಟ್ಟೆಗೆ. ಆಮೇಲೆ ಅಣ್ಣನಿಗೆ, ನನಗೆ. ಅಕ್ಕನಿಗೆ ಕುತ್ತಿಗೆ. ಅಮ್ಮನಿಗೆ ಸಾರು.

ಒಂದು ಶುಕ್ರವಾರ ಬೆಳಿಗ್ಗೆ ನಾನು ಅವನ ಅಡುಗೆಮನೆಯಲ್ಲಿ ಕೂತು ಬಾಳೆಕಾಯಿ ಸುಲಿಯಲು ನೆರವಾಗುತ್ತಿದ್ದೆ. ಊರಿನಿಂದ ಅವನ ದೊಡ್ಡಪ್ಪನ ವಿಡಿಯೋ ಕಾಲ್ ಬಂತು. ಆ ದೊಡ್ಡಪ್ಪ ಅವರ ಕುಲಕ್ಕೆ ಹಿರಿಯ, ನಾಲ್ಕೈದು ಗಂಡಸರು ಸುತ್ತ ಕೂತಿದ್ದರು. ನಾನಾಗಿದ್ದರೆ ಫೋನ್ ಹಿಡಿದು ಹಾಲಿಗೆ ಓಡುತ್ತಿದ್ದೆ. ಅವನು ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಕೈಯಲ್ಲಿದ್ದ ಚಾಕು, ಒಲೆಯ ಮೇಲಿನ ಪಾತ್ರೆ ಎಲ್ಲ ಕಾಣುವಂತೆ ನಿಲ್ಲಿಸಿದ. ಆಚೆಯಿಂದ ಕೂಗಾಟ. ಇವನ ದನಿ ಏರಲಿಲ್ಲ. ಹಾಲಿನಲ್ಲಿದ್ದ ಅವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಕಾಲ್ ಕಟ್ಟಾದ ಮೇಲೆ ಅವಳೇ ನನಗೆ ಹೇಳಿದಳು: "ಬಾಟಲಿಯಿಂದ ಹೊರಗೆ ಬಾ ಅಂದರು. ಇವರು, ಇಲ್ಲಿ ಎ.ಸಿ. ಇದೆ ದೊಡ್ಡಪ್ಪ, ಬೇಕಾದರೆ ನೀವೇ ಒಳಗೆ ಬನ್ನಿ ಅಂದರು."

ಅವಳು ನಗುತ್ತಲೇ ಇದ್ದಳು, ಅವನು ಚಾಕು ಕೆಳಗಿಟ್ಟ. "ನನ್ನನ್ನು ಓದಿಸಿದ್ದು ಆ ದೊಡ್ಡಪ್ಪನೇ," ಎಂದ. ಮತ್ತೆ ಚಾಕು ಎತ್ತಿಕೊಂಡ.

ಮುಂದಿನ ಶುಕ್ರವಾರ ಅಣ್ಣ, ಅತ್ತಿಗೆ ಮಸ್ಕತ್‌ನಿಂದ ನಮ್ಮ ಮನೆಗೆ ಬರುವವರಿದ್ದರು. ಹಿಂದಿನ ಸಂಜೆ ಹೆಂಡತಿಯನ್ನು ಕೇಳಿದೆ. "ನಾಳೆ ಒಂದು ಗಂಟೆ ಅಡುಗೆಮನೆಯಲ್ಲಿ ನಿಲ್ತೀಯಾ? ಎಲ್ಲ ನಾನು ಮಾಡಿ ಇಡ್ತೇನೆ. ನೀನು ಬಡಿಸಿದ್ರೆ ಸಾಕು."

ಅವಳು ಯೂನಿಫಾರ್ಮ್ ಹಾಕಿಕೊಳ್ಳುತ್ತಿದ್ದಳು, ನೈಟ್ ಡ್ಯೂಟಿಗೆ. "ನಿಲ್ತೇನೆ. ಆದ್ರೆ ಮಗಳಿಗೆ ಸುಳ್ಳು ಹೇಳ್ಲಿಕ್ಕೆ ನೀವೇ ಕಲಿಸಿ. ನನ್ನಿಂದ ಆಗ್ಲಿಕ್ಕಿಲ್ಲ."

ಮಗಳಿಗೆ ಏನೂ ಕಲಿಸಲಿಲ್ಲ. ಬೆಳಿಗ್ಗೆ ಅವಳನ್ನು ಮೇಲಿನ ಮನೆಗೆ ಆಟಕ್ಕೆ ಕಳಿಸಿದೆ. ಅಷ್ಟು ಹೇಡಿ ನಾನು.

ಊಟಕ್ಕೆ ಕೂತೆವು. ಅಂಜಲ್ ಮೀನಿನ ಸಾರು ಬಾಯಿಗಿಟ್ಟು ಅಣ್ಣ ಕಣ್ಣು ಮುಚ್ಚಿದ. "ಇದು ನೋಡು ರುಚಿ! ಹೆಂಗಸರು ಎಷ್ಟು ದೊಡ್ಡ ಕೆಲಸಕ್ಕೆ ಹೋದ್ರೂ ಕೈಯ ರುಚಿ ಬಿಡ್ಬಾರ್ದು." ಅತ್ತಿಗೆ ತಲೆ ಆಡಿಸಿದರು. ಗೋಡೆಗೆ ಒರಗಿ ಸೌಟು ಹಿಡಿದು ನಿಂತಿದ್ದ ನನ್ನ ಹೆಂಡತಿ ನಗಲು ನೋಡಿದಳು. ಹನ್ನೆರಡು ಗಂಟೆ ಡ್ಯೂಟಿ ಮಾಡಿ ಬಂದವಳು, ಕೂದಲು ಇನ್ನೂ ಒದ್ದೆ. ನಿಂತಲ್ಲೇ ಅವಳ ರೆಪ್ಪೆ ಮುಚ್ಚಿತು, ಸೌಟು ವಾಲಿತು, ಸಾರು ಅವಳ ಪಾದದ ಮೇಲೆ ಬಿತ್ತು.

ನಾನು ಎದ್ದೆ. ಎಂಜಲು ಕೈಯಲ್ಲೇ ಸೌಟು ತೆಗೆದುಕೊಂಡೆ.

"ನೀನು ಹೋಗಿ ಮಲಗು."

"ಊಟದ ಮಧ್ಯದಲ್ಲಾ?" ಎಂದ ಅಣ್ಣ.

"ಮಾಡಿದ್ದು ನಾನು ಅಣ್ಣ. ಬಡಿಸುವುದೂ ನಾನೇ. ಬಿಸಿನೆಸ್ಸೂ ಇಲ್ಲ, ಎಂತದ್ದೂ ಇಲ್ಲ. ಒಂದೂವರೆ ವರ್ಷದಿಂದ ಈ ಮನೆಯ ಅಡುಗೆ, ಬಟ್ಟೆ, ಪಾತ್ರೆ ಎಲ್ಲ ನನ್ನದೇ."

ಅಣ್ಣ ಮೊದಲು ತಮಾಷೆ ಎಂದುಕೊಂಡ. ಆಮೇಲೆ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. "ಹೆಂಡತಿ ದುಡಿದದ್ದನ್ನು ಕೂತು ತಿನ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿನಗೆ?"

"ಕೂತು ಅಲ್ಲ. ಈ ಮನೆಯಲ್ಲಿ ನಾನು ಕೂತದ್ದೇ ಕಡಿಮೆ."

"ಮೇಲಿನ ಮನೆಯ ಆ ಕರಿಯನ ಸಹವಾಸ ಅಂತ ಕೇಳಿದ್ದೆ. ಅವನೇ ತಲೆ ತಿರುಗಿಸಿದ್ದು."

"ಆ ಶಬ್ದ ನನ್ನ ಮನೆಯಲ್ಲಿ ಬೇಡ ಅಣ್ಣ. ಅವನು ಮೇಷ್ಟ್ರು. ನನ್ನ ತಲೆ ಸರಿಯಾದ ಕಡೆಗೇ ತಿರುಗಿದೆ."

ಅಣ್ಣ ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ನನ್ನನ್ನು ತಗ್ಗಿಸಲು ಅದು ಸಾಕೆಂದು ಅವನಿಗೆ ಗೊತ್ತಿತ್ತು. ಎಲ್ಲ ಹೇಳಿದ.

"ನನಗೆ ಟೈಫಾಯ್ಡ್ ಆದಾಗ ಗಂಜಿ ಬೇಯಿಸಿದ್ದು ಪಕ್ಕದ ಮನೆಯವಳು," ಎಂದಳು ಅಮ್ಮ. "ನಿಮ್ಮ ಅಪ್ಪ ಚಾವಡಿಯಲ್ಲಿ ಕೂತಿದ್ರು. ಗಂಜಿ ತಂದು ಕೊಟ್ಟವಳ ಹತ್ರ ತನಗೂ ಬಡಿಸ್ಲಿಕ್ಕೆ ಹೇಳಿದ್ರು." ಆಮೇಲೆ ದನಿ ತಗ್ಗಿಸಿ, "ಆದ್ರೆ ಪುತಾ, ಊರಲ್ಲಿ ಯಾರಿಗೂ ಹೇಳ್ಬೇಡ."

"ಹೇಳ್ತೇನೆ ಅಮ್ಮ. ಎಲ್ಲರಿಗೂ ಹೇಳ್ತೇನೆ."

ಅಮ್ಮ ಫೋನ್ ಇಟ್ಟಳು. ಅಣ್ಣ ಚಾ ಕುಡಿಯದೆ ಹೊರಟ. ಅತ್ತಿಗೆ ಚಪ್ಪಲಿ ಹಾಕುತ್ತಾ ನನ್ನ ಹತ್ತಿರ ಮೆಲ್ಲನೆ, "ಹುಳಿ ಎಷ್ಟು ಹಾಕಿದ್ದು?" ಎಂದರು. ಹೇಳಿದೆ. ಅಂದಿನಿಂದ ಇಂದಿನವರೆಗೆ ಅಣ್ಣ ನಮ್ಮ ಮನೆಯಲ್ಲಿ ಊಟ ಮಾಡಿಲ್ಲ. ಹಬ್ಬಕ್ಕೆ ಫೋನ್ ಮಾಡುತ್ತಾನೆ, ಎರಡು ಮಾತು ಆಡಿ ಇಡುತ್ತಾನೆ. ಅದು ನೋಯುವುದಿಲ್ಲ ಎಂದರೆ ಸುಳ್ಳಾದೀತು. ಅಮ್ಮ ತಿಂಗಳು ಕಳೆದ ಮೇಲೆ ಮಾತಾಡಿದಳು. ಕೈಮದ್ದಿನ ಮಾತನ್ನು ಇನ್ನು ತನ್ನೆದುರು ಎತ್ತಬಾರದೆಂದು ಚಿಕ್ಕಮ್ಮನಿಗೆ ಹೇಳಿದಳಂತೆ.

ಮೇಲಿನ ಮನೆಯವರು ಕಳೆದ ವರ್ಷ ಊರಿಗೆ ಮರಳಿದರು. ದೊಡ್ಡಪ್ಪನ ಮಗಳ ಮದುವೆಗೆ ಅವರನ್ನು ಕರೆಯಲಿಲ್ಲ. ಅವನು ಮತ್ತೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾನೆ. ಸಂಜೆ ಬಾಳೆಕಾಯಿ ಸುಲಿಯುವುದನ್ನು ಅಡುಗೆಮನೆಯಲ್ಲಿ ಮಾಡುವುದಿಲ್ಲವಂತೆ. ರಸ್ತೆಗೆ ಕಾಣುವ ಜಗಲಿಯಲ್ಲಿ ಕೂತು, ಹೋಗಿ ಬರುವವರಿಗೆ ನಮಸ್ಕಾರ ಹೇಳುತ್ತಾ ಸುಲಿಯುತ್ತಾನಂತೆ.

ಈ ವರ್ಷ ಮಗಳ ಶಾಲೆಯಲ್ಲಿ ವಿವರಗಳನ್ನು ಹೊಸದಾಗಿ ಕಂಪ್ಯೂಟರಿಗೆ ಏರಿಸುತ್ತಿದ್ದರು. ಕೌಂಟರಿನ ಹುಡುಗಿ ತಂದೆಯ ಉದ್ಯೋಗ ಕೇಳಿದಳು. ಮನೆಕೆಲಸ ಎಂದೆ. ಸುತ್ತ ನಿಂತಿದ್ದ ಅಪ್ಪಂದಿರು ತಿರುಗಿ ನೋಡಿದರು.

"ಸರ್, ತಂದೆಯ ಉದ್ಯೋಗದ ಪಟ್ಟಿಯಲ್ಲಿ ಅದು ಇಲ್ಲ. ಬಿಸಿನೆಸ್ ಅಂತ ಹಾಕಲಾ?"

"ಬೇಡ. ಇಲ್ಲದಿದ್ದರೆ ಸೇರಿಸಿ. ನಾನು ಕಾಯುತ್ತೇನೆ."

ಎಂಟು ಗಂಟೆಗೆ ಹೋದವನು ಹನ್ನೊಂದು ಗಂಟೆಯವರೆಗೆ ಕಾದೆ. ಸೇರಿಸಿದರು.