ಭಾನುಪ್ರಕಾಶರ ‘ಊಟ ಆಯ್ತಾ?’
ನೆಲಮಂಗಲದ ಗೋದಾಮಿನಲ್ಲಿ ಮ್ಯಾನೇಜರ್ ಭಾನುಪ್ರಕಾಶರು ಒಂದೇ ಕೆಲಸವನ್ನು ಎರಡನೇ ಸಲ ಕೈಯಾರೆ ಮಾಡಿದ್ದನ್ನು ಕಂಡವರು ಇಡೀ ತಾಲ್ಲೂಕಿನಲ್ಲೇ ಇಲ್ಲ. ಆಫೀಸಿನ ಎಐ ಏಜೆಂಟಿಗೆ ಒಮ್ಮೆ ನಿಯಮ ಬರೆದುಕೊಟ್ಟರೆ ಮುಗಿಯಿತು. ರಜೆ ಮಂಜೂರಾತಿ, ಹುಟ್ಟುಹಬ್ಬದ ಹಾರೈಕೆ, ಮಧ್ಯಾಹ್ನ ಒಂದಕ್ಕೆ ಎಲ್ಲರ ಮೊಬೈಲಿಗೂ ‘ಊಟ ಆಯ್ತಾ?’, ಎಲ್ಲವೂ ಅವರ ಹೆಸರಲ್ಲಿ ತಾನಾಗೇ ಹೋಗುತ್ತವೆ. “ನಿಮ್ಮ ಕೆಮ್ಮನ್ನೂ ಅದೇ ಕೆಮ್ಮುತ್ತಾ ಸಾರ್?” ಎಂದು ಪ್ಯಾಕಿಂಗ್ ವಿಭಾಗದ ಸಿಂಧು ರೇಗಿಸಿದರೆ ಮೀಸೆಯಲ್ಲೇ ನಗುತ್ತಾರೆ. ಈ ನಿಯಮಗಳು ಬರುವ ಮೊದಲು ಅವರು ದಿನಾ ಆ ವಿಭಾಗದ ಪಿಳ್ಳಮ್ಮನ ಜೊತೆ ಕೂತು ಉಣ್ಣುತ್ತಿದ್ದರು. ಮೊನ್ನೆ ಅದು ನೆನಪಾಗಿ, ಆಕೆಗೆಂದು ಹಿತಕಿದಬೇಳೆ ಸಾರಿನ ಡಬ್ಬಿ ಹಿಡಿದು ಹೋದರು. “ಪಿಳ್ಳಮ್ಮೋರು ರಿಟೈರಾಗಿ ತಿಂಗಳಾಯ್ತಲ್ಲ ಸಾರ್. ನೀವು ಕಳಿಸಿದ ಬೀಳ್ಕೊಡುಗೆ ಪತ್ರ ಓದಿ ಅತ್ತುಬಿಟ್ರು,” ಎಂದಳು ಸಿಂಧು. ಭಾನುಪ್ರಕಾಶರು ಡಬ್ಬಿಯ ಮುಚ್ಚಳವನ್ನು ಮತ್ತೆ ಬಿಗಿ ಮಾಡಿದರು. “ಅದನ್ನ ನಾನು ಓದೇ ಇಲ್ಲ ಕಣಮ್ಮ.”