ಏಳು ಎಂದರೆ ನಾಚಿಕೆ

ನನ್ನ ತಂಗಿಯ ಗಂಡ ಸಿರಿಲ್ ಓಸಚಾಫ್‌ನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೆಟ್ಟವನೇನಲ್ಲ. ಕುಡಿದು ಬಂದು ರಂಪ ಮಾಡುವವನಲ್ಲ, ಕೆಲಸಗಳ್ಳನಂತೂ ಅಲ್ಲವೇ ಅಲ್ಲ. ಬೇಸಿಗೆಯಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಾನೆ, ಚಳಿಗಾಲದಲ್ಲಿ ಪುರಸಭೆಯ ಹಿಮ ತಳ್ಳುವ ಗಾಡಿ. ಆ ಪಾಳಿ ಬೆಳಕು ಹರಿಯುವ ಹೊತ್ತಿಗೆ ಮುಗಿಯುತ್ತದೆ. ಮುಗಿದದ್ದೇ ತಡ, ಸಿಲ್ವರ್‌ಕಪ್ ಬೆಟ್ಟಕ್ಕೆ ಬಂದು, ಜಾರುವವರನ್ನು ಮೇಲಕ್ಕೆ ಒಯ್ಯುವ ಕುರ್ಚಿ ಲಿಫ್ಟಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿರುತ್ತಾನೆ. ನಿಂತು ಬಾಯಿ ತೆರೆದನೆಂದರೆ ಮುಗಿಯಿತು ಕಥೆ. ಹಿಮದಲ್ಲಿ ಜಾರಲು ಕಾಲಿಗೆ ಕಟ್ಟುವ ಸ್ಕೀ ಯಾರು ಎಷ್ಟು ಅಗಲದ್ದು ಕೊಳ್ಳಬೇಕು, ಎಷ್ಟು ಉದ್ದ, ಯಾವ ಬೈಂಡಿಂಗ್, ಎಲ್ಲಕ್ಕೂ ಇವನ ಅಪ್ಪಣೆಯಾಗಬೇಕು. ಸ್ಲೋಕನ್ ಕಣಿವೆಯ ಅರ್ಧ ಗಂಡಸರು ಇವನ ಮಾತು ಕಟ್ಟಿಕೊಂಡು ತಮ್ಮ ಕೈಲಾಗದ ಸ್ಕೀ ಕೊಂಡು, ಆಮೇಲೆ ಬೆಟ್ಟದ ಬುಡದಲ್ಲಿರುವ ನನ್ನ ರಿಪೇರಿ ಅಂಗಡಿಗೆ ಬಂದು ಗೋಳಾಡುತ್ತಾರೆ.

ನಮ್ಮ ಅಜ್ಜ ಅಜ್ಜಿಯರು ರಷ್ಯದಿಂದ ಬಂದ ದುಖೊಬೋರ್ ಜನ. ಕತ್ತಿ ಬಂದೂಕು ಮುಟ್ಟದವರು, ಮೇಲು ಕೀಳು ಬೇಡವೆಂದು ಒಂದೇ ಮೇಜಿನಲ್ಲಿ ಉಂಡವರು. ಅವರ ಹೊಟ್ಟೆಯಲ್ಲಿ ಇಂಥ ಜಂಬದ ಕೋಳಿಗಳು ಹೇಗೆ ಹುಟ್ಟಿದವೋ, ಆ ದೇವರೇ ಹೇಳಬೇಕು.

ಬೈಂಡಿಂಗ್ ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕಚ್ಚು. ಹಿಡಿಯುವುದು ಅದರ ಅರ್ಧ ಕೆಲಸ, ಬಿದ್ದಾಗ ಬಿಡುವುದು ಇನ್ನರ್ಧ. ಮುಂಭಾಗದ ಪುಟ್ಟ ಕಿಟಕಿಯಲ್ಲಿ ಒಂದು ಅಂಕಿ ಕಾಣುತ್ತದೆ. ಅಂಕಿ ಸಣ್ಣದಾದರೆ ಕಾಲನ್ನು ಬೇಗ ಬಿಡುತ್ತದೆ, ದೊಡ್ಡದಾದರೆ ಕಚ್ಚಿಕೊಂಡೇ ಇರುತ್ತದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಜಾರುವ ರೀತಿ, ಇಷ್ಟನ್ನೂ ನೋಡಿ ನಾನು ಅಂಕಿ ಕೂರಿಸಿ ಕಳಿಸುತ್ತೇನೆ. ನನ್ನ ಅಂಗಡಿಯ ಬಾಗಿಲು ದಾಟಿ ಕಾರಿನ ಹತ್ತಿರ ಹೋಗುವಷ್ಟರಲ್ಲಿ ಈ ಗಂಡಸರು ಸ್ಕ್ರೂಡ್ರೈವರ್ ತೆಗೆದು ಅದನ್ನು ಏರಿಸಿಬಿಡುತ್ತಾರೆ. ಯಾಕೆಂದರೆ ನಮ್ಮ ಬೆಟ್ಟದಲ್ಲಿ ಲಿಫ್ಟಿನ ಸಾಲಿನಲ್ಲಿ ನಿಂತವರು ಮುಖ ನೋಡಿ ಮಾತಾಡುವುದಿಲ್ಲ, ಬಗ್ಗಿ ಕಾಲಬುಡದ ಆ ಕಿಟಕಿ ನೋಡಿ ಮಾತಾಡುತ್ತಾರೆ. ಹನ್ನೆರಡು ಇದ್ದವನು ಗಂಡಸು. ಎಂಟು ಇದ್ದವನು ಕ್ಯಾಲ್ಗರಿ ಪಟ್ಟಣದಿಂದ ರಜೆಗೆ ಬಂದ ಬಡಪಾಯಿ. ನಾಯಿಗಳು ಒಂದನ್ನೊಂದು ಮೂಸಿ ನೋಡುವ ಹಾಗೆ. ಥೂ! ಈ ಚಾಳಿಯನ್ನು ಹುಟ್ಟುಹಾಕಿದವನು ಸಿರಿಲ್ ಅಲ್ಲದಿರಬಹುದು, ಸಾಕಿ ಬೆಳೆಸಿದವನು ಮಾತ್ರ ಅವನೇ.

ನನ್ನ ತಂಗಿ ಲೂಬಾ ಬೆಟ್ಟದ ಕ್ಯಾಂಟೀನಿನಲ್ಲಿ ಬೋರ್ಷ್ ಸಾರು ಬಡಿಸುತ್ತ ಬಂದವಳು. ಬಿಡುವು ಸಿಕ್ಕಾಗ ಏಪ್ರನ್ ಬಿಚ್ಚಿಟ್ಟು ಜಾರಲು ಹೋಗುತ್ತಿದ್ದಳು. ಅವಳು ಇಳಿಯುವುದನ್ನು ನೋಡಲು ಚೆಂದ. ಸದ್ದಿಲ್ಲ, ಆರ್ಭಟವಿಲ್ಲ, ಮರಗಳ ನಡುವೆ ನೀರು ಹರಿದಂತೆ ಬಂದುಬಿಡುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಆಸೆ, ಬೆಟ್ಟದ ಗಸ್ತಿನವರ ಕೆಂಪು ಜಾಕೆಟ್. ಬಿದ್ದವರನ್ನು ಜಾರುಬಂಡಿಯಲ್ಲಿ ಮಲಗಿಸಿ ಕೆಳಗೆ ತರುವ ಕೆಲಸ. ಕಳೆದ ಚಳಿಗಾಲದಲ್ಲಿ ಒಂದು ಜಾಗ ಖಾಲಿಯಾಯಿತು, ಪರೀಕ್ಷೆ ಇಟ್ಟರು. ಲೂಬಾ ನಲವತ್ತು ದಾಟಿದ್ದಳು.

"ಇದೇ ಕೊನೆ ಅಕ್ಕಾ. ಈ ಸಲ ಆಗ್ಲಿಲ್ಲ ಅಂದ್ರೆ ಸಾಯೋವರ್ಗೂ ಸೌಟು ಹಿಡ್ಕೊಂಡೇ ಇರ್ತೀನಿ" ಎಂದಳು.

ಅವಳ ಹಳೆಯ ಸ್ಕೀ ತಳ ಸವೆದು ಹೋಗಿತ್ತು. ಹೊಸದನ್ನು ಆರಿಸಲು ನನ್ನ ಅಂಗಡಿಗೆ ಬಂದಳು. ಹಿಂದೆಯೇ ಸಿರಿಲ್.

"ಅತ್ತಿಗೇ, ಆ ನೂರ ಹದಿನೆಂಟು ಮಿಲಿಮೀಟರ್ ಅಗಲದ್ದು ಇಳಿಸಿ. ಉದ್ದ ನನ್ನದರಷ್ಟೇ ಇರ್ಲಿ."

"ಯಾಕಪ್ಪಾ, ಅವಳು ಜಾರೋಕ್ ಹೋಗ್ತಿದ್ದಾಳೋ, ತೆಪ್ಪ ಹಾಕ್ಕೊಂಡು ಹೊಳೆ ದಾಟೋಕ್ ಹೋಗ್ತಿದ್ದಾಳೋ?"

"ಹಿಮ ಸೊಂಟದ ತನಕ ಬಿದ್ರೆ ತೇಲ್ಬೇಕಲ್ವಾ?"

"ಪರೀಕ್ಷೆ ಇರೋದು ಬೆಳಿಗ್ಗೆ ಮಾರಾಯ. ಆಗ ಇಳಿಜಾರೆಲ್ಲ ಹೆಪ್ಪುಗಟ್ಟಿ ಕಲ್ಲಾಗಿರುತ್ತೆ. ಉಬ್ಬುಗಳ ಮಧ್ಯೆ ಜಾರುಬಂಡಿ ಹಿಡ್ಕೊಂಡು ಅಡ್ಡಡ್ಡ ಇಳೀಬೇಕು. ನೀನು ಹೇಳೋ ಬಾಗಿಲ ಹಲಗೆ ಕಟ್ಕೊಂಡು ಅಂಚು ಊರೋದು ಹ್ಯಾಗೆ?"

"ಅವಳೇನು ಕಲಿಯೋಳಾ? ಪಳಗಿದವಳು."

"ಪಳಗಿದವಳು ಅಂತ ಗೊತ್ತು. ನಿನಗಿಂತ ಚೆನ್ನಾಗಿ ಜಾರ್ತಾಳೆ. ಅದಕ್ಕೇ ಅವಳ ಕಾಲಿಗೆ ತಕ್ಕದ್ದು ಕೊಡ್ತೀನಿ, ನಿನ್ನ ಬಾಯಿಗೆ ತಕ್ಕದ್ದಲ್ಲ."

ಲೂಬಾ ನಕ್ಕಳು. ಸಿರಿಲ್ ಟೋಪಿ ತೆಗೆದು ತಲೆ ಕೆರೆದುಕೊಂಡ.

ನೂರರ ಅಗಲದ ಜೋಡಿ ತೆಗೆದೆ. ಆಳದ ಹಿಮದಲ್ಲಿ ಮುಳುಗದು, ಗಟ್ಟಿ ಹಿಮದಲ್ಲಿ ಜಾರಿಹೋಗದು. ನಿಲ್ಲಿಸಿದರೆ ಅವಳ ಹುಬ್ಬಿನಿಂದ ಸ್ವಲ್ಪ ಮೇಲಕ್ಕೆ ಬರುವ ಉದ್ದ. ಬೆಟ್ಟ ಹತ್ತುವವರು ಹಾಕಿಸುವ ಹಗುರ ಬೈಂಡಿಂಗ್ ಬೇಡವೆಂದೆ. ದಿನವಿಡೀ ಹೊರೆ ಹಿಡಿದು ಇಳಿಯುವವಳಿಗೆ ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯುವಂಥದ್ದೇ ಬೇಕು. ಬೂಟು ಕಳಚಿದಾಗ ಸ್ಕೀ ಓಡಿಹೋಗದಂತೆ ತಡೆಯುವ ಬ್ರೇಕಿನ ತೋಳುಗಳು ಸ್ಕೀಗಿಂತ ಒಂದಿಷ್ಟು ಅಗಲವಿರುವುದನ್ನೇ ಹುಡುಕಿ ಕೂರಿಸಿದೆ. ಅವಳು ಹಗುರ ಹೆಂಗಸು, ಬೂಟೂ ಚಿಕ್ಕದು. ಏಳಕ್ಕೆ ಇಟ್ಟೆ. ಯಂತ್ರಕ್ಕೆ ಹಾಕಿ ತಿರುಚಿ ನೋಡಿದೆ. ಸರಿಯಾಗಿ ಬಿಟ್ಟಿತು.

"ಏಳಾ?" ಎಂದ ಸಿರಿಲ್, ಮನೆಯಲ್ಲಿ ಏನೋ ಸತ್ತ ವಾಸನೆ ಬಂದವನ ಹಾಗೆ ಮೂಗು ಮುರಿದು.

"ಏಳೇ. ಮುಟ್ಟಿದ್ಯೋ, ಕೈ ಮುರೀತೀನಿ."

ಪರೀಕ್ಷೆಯ ದಿನ ಅಂಗಡಿಗೆ ಬೀಗ ಹಾಕಿ ಇಳಿಜಾರಿನ ಕೆಳಗೆ ಹೋಗಿ ನಿಂತೆ. ಲೂಬಾ ಜೊತೆಗೆ ಪರೀಕ್ಷೆಗೆ ಬಂದವರು ಮೂವರು, ಅವಳ ಅರ್ಧ ವಯಸ್ಸಿನ ದಾಂಡಿಗರು. ಮೊದಲ ಸುತ್ತುಗಳಲ್ಲಿ ಅವರೆಲ್ಲರಿಗಿಂತ ಇವಳೇ ಚೊಕ್ಕ. ಕೊನೆಗೆ ಜಾರುಬಂಡಿ ಕೊಟ್ಟರು. ಮೇಲಿನಿಂದ ಅರ್ಧ ದಾರಿ ಸಲೀಸಾಗಿ ತಂದಳು. ಪರೀಕ್ಷಕಿ ಪಕ್ಕದವನಿಗೆ ತಲೆಯಾಡಿಸುವುದೂ ಕಂಡಿತು. ಆಗ ಒಂದು ಉಬ್ಬಿನ ಹಿಂದೆ ಲೂಬಾಳ ಬಲಗಾಲಿನ ಸ್ಕೀಯ ಬಾಲ ಸಿಕ್ಕಿಕೊಂಡಿತು. ಅವಳು ಹಿಂದಕ್ಕೆ ಕುಳಿತಳು. ಮೈ ಒಂದು ಕಡೆ ತಿರುಗಿತು, ಸ್ಕೀ ತಿರುಗಲಿಲ್ಲ. ಜೋರಾದ ಪೆಟ್ಟೇನೂ ಅಲ್ಲ, ಮೆಲ್ಲಗೆ, ಹೊರಳಿದಂತೆ ಬಿದ್ದಳು. ಮಂಡಿ ಹಾಳಾಗುವುದು ಇಂಥ ಬೀಳುವಿಕೆಯಲ್ಲೇ. ಬಿಡಬೇಕಾಗಿದ್ದ ಬೈಂಡಿಂಗ್ ಬಿಡಲೇ ಇಲ್ಲ. ಅವಳ ಕೂಗು ಕೆಳಗಿನ ತನಕ ಕೇಳಿತು.

ಅವಳು ತರುತ್ತಿದ್ದ ಬಂಡಿಯಲ್ಲೇ ಅವಳನ್ನು ಮಲಗಿಸಿ ತಂದರು. ಸ್ಕೀಯನ್ನು ಎತ್ತಿ ಕಿಟಕಿ ನೋಡಿದೆ. ಹನ್ನೊಂದು. ಸಿರಿಲ್ ಲಿಫ್ಟಿನ ಕಡೆಯಿಂದ ಎದ್ದು ಬಿದ್ದು ಓಡಿ ಬರುತ್ತಿದ್ದ. ಇಡೀ ಸಾಲಿನ ಮುಂದೆ ಸ್ಕೀಯನ್ನು ಅವನ ಮೂಗಿಗೆ ಹಿಡಿದೆ.

"ಯಾರೋ ಇದನ್ನ ತಿರುಗ್ಸಿದ್ದು?"

ಅವನು ಬಂಡಿಯತ್ತ ನೋಡಿದ. "ನಾನೇ ಅತ್ತಿಗೆ."

"ನಿನ್ನ ಜಂಬಕ್ಕೆ ಬೆಂಕಿ ಹಾಕ!"

ಸಾಲಿನಲ್ಲಿದ್ದ ಒಬ್ಬ ಗಡ್ಡದವನು ಬಗ್ಗಿ ಕಿಟಕಿ ನೋಡಿ, "ಹನ್ನೊಂದಾ? ಆಯಮ್ಮ ಪರವಾಗಿಲ್ವೇ!" ಎಂದ. ಮೆಚ್ಚುಗೆಯಿಂದ! ಅಲ್ಲೇ ಆ ಸ್ಕೀಯಿಂದ ಅವನ ತಲೆ ಒಡೆಯಬೇಕೆನಿಸಿತು. ಅಜ್ಜಂದಿರ ಪುಣ್ಯ, ಕೈ ಏಳಲಿಲ್ಲ.

ಟ್ರೇಲ್ ಊರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದರು. ಮಂಡಿಯ ಒಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿದಿದೆ, ನಡುವಿನ ಮೆತ್ತೆಯೂ ಚೂರಾಗಿದೆ. ಶಸ್ತ್ರಚಿಕಿತ್ಸೆ ಆದ ಮೇಲೆ ಓಡಾಡಬಹುದು, ಮುಂದೆ ಯಾವಾಗಲಾದರೂ ಹಗುರವಾಗಿ ಜಾರಬಹುದು. ಹೊರೆಯ ಬಂಡಿ ಹಿಡಿಯುವುದನ್ನು ಮಾತ್ರ ಮರೆತುಬಿಡಬೇಕು.

ಕಾರಿಡಾರಿನಲ್ಲಿ ಸಿರಿಲ್‌ನನ್ನು ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದೆ. ಹೆಂಡತಿಯ ಕಾಲಿಗಿಂತ ನಿನ್ನ ಮರ್ಯಾದೆ ಹೆಚ್ಚಾಯಿತೇ ಎಂದೆ, ಮನುಷ್ಯನೇನೋ ನೀನು ಎಂದೆ. ಜನ್ಮದಲ್ಲಿ ಬಾಯಿ ಮುಚ್ಚದ ಗಂಡಸು ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡ. ಅದನ್ನು ನೋಡಿ ನನಗೆ ಇನ್ನಷ್ಟು ಹೇಸಿಗೆಯಾಯಿತು.

ಒಳಗೆ ಹೋದೆ. ಲೂಬಾ ಕಣ್ಣು ಬಿಟ್ಟುಕೊಂಡು ಮಲಗಿದ್ದಳು.

"ಅವನ್ನ ಬೈಬೇಡ ಅಕ್ಕಾ. ಹೊರಗಡೆ ನೀನು ಕೂಗಾಡಿದ್ದೆಲ್ಲ ಕೇಳಿಸ್ತು."

"ಬೈಯದೆ ಇನ್ನೇನು ಆರತಿ ಎತ್ಲಾ?"

"ನಾನೇ ಹೇಳಿ ತಿರುಗ್ಸಿದ್ದು."

ನಾನು ಕುರ್ಚಿ ಎಳೆದು ಕುಳಿತೆ.

"ಬೆಳಿಗ್ಗೆ ಸಾಲಲ್ಲಿ ಪರೀಕ್ಷೆಗೆ ಬಂದಿದ್ದ ಆ ಹುಡುಗ್ರು ನನ್ನ ಕಾಲು ನೋಡಿದ್ರು. ಏಳಂತೆ ಕಣ್ರೋ, ಸೂಪ್ ಬಡ್ಸೋಕ್ ಬಂದಿದ್ದಾಳೆ ಅಂತ ಕಿಸಿಕಿಸಿ ನಕ್ಕರು. ನಂಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಇವನಿಗೆ ಹೇಳ್ದೆ. ಇವನು ಬೇಡವೇ ಬೇಡ ಅಂದ. ಅತ್ತಿಗೆ ಇಟ್ಟಿದ್ದನ್ನ ಮುಟ್ಟಲ್ಲ ಅಂದ."

"ಮತ್ತೆ?"

"ಊರೋರಿಗೆಲ್ಲ ಹೇಳ್ತೀಯ, ಹೆಂಡ್ತಿಗೆ ಮಾತ್ರ ಏಳು ಸಾಕಾ ಅಂದೆ. ಆಮೇಲೆ ತಿರುಗ್ಸಿದ."

"ಅಯ್ಯೋ ಹುಚ್ಚೀ! ಏಳು ಇದ್ದಿದ್ರೆ ಸ್ಕೀ ಕಳಚ್ಕೊಂಡು ಹೋಗ್ತಿತ್ತು. ಎದ್ದು, ಮತ್ತೆ ಹಾಕ್ಕೊಂಡು, ಬಂಡಿ ಕೆಳಗೆ ತರ್ತಿದ್ದೆ. ಜಾಕೆಟ್ ನಿಂದಾಗ್ತಿತ್ತು ಕಣೇ."

"ಕಳಚ್ಕೊಂಡು ಬಿದ್ದಿದ್ರೆ ನಗ್ತಿದ್ರು ಅಕ್ಕಾ" ಎಂದಳು ಲೂಬಾ. "ಈಗ ಬಂಡೀಲಿ ತರೋವಾಗ ಅವರ ಮುಖ ನೋಡ್ದೆ. ಒಬ್ನೂ ನಗ್ಲಿಲ್ಲ."

ಹೇಳುವಾಗ ಅವಳ ಮುಖದಲ್ಲಿ ಏನೋ ಗೆದ್ದ ಕಳೆ ಇತ್ತು. ನಾನು ಎದ್ದು ಹೊರಗೆ ಬಂದೆ.