ಬಿಚ್ಚಿ ಕುದಿಸುವ ಹಚ್ಚೆ ಮಶೀನು

ಚಾಚಾನ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಸದಾ ನೀಲಿ ಚುಕ್ಕೆಗಳಿರುತ್ತಿದ್ದವು. ಹೊಸ ಹಚ್ಚೆ ಮಶೀನು ಕಟ್ಟಿದಾಗ ಸೂಜಿ ನೆಟ್ಟಗೆ ಇಳಿಯುತ್ತದೋ ಅಲುಗಾಡುತ್ತದೋ ಎಂದು ಅವರು ಪರೀಕ್ಷಿಸುತ್ತಿದ್ದುದು ಆ ಉಗುರಿನ ಮೇಲೆಯೇ. "ಮೈಮ್ಯಾಲೆ ಹಚ್ಚಿ ನಮ್ಮ ಮಂದಿಗೆ ಆಗಂಗಿಲ್ರೀ ಅಕ್ಕಾರ. ಉಗುರಾದ್ರ ದೇವರು ಕೇಳೂದ್ರಾಗ ಕತ್ತರಿಸಿ ಒಗದಿರ್ತೀನಿ," ಎಂದು ನಗುತ್ತಿದ್ದರು.

ಸಯನ್‌ನಲ್ಲಿ ಮುಂಬಯಿಯ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಅವರ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಬಿಜಾಪುರದ ಕಡೆಯ ಮುಸ್ಲಿಮರು, ಎಲ್ಲರಿಗೂ ಚಾಚಾ. ನಾನು ಮೈಸೂರಿನವಳು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ಎಂಬತ್ತರ ದಶಕದ ಆ ವರ್ಷಗಳಲ್ಲಿ ನನಗೆ ನೆನಪಿರುವುದು ಮುಖ್ಯವಾಗಿ ಕಾಲುನೋವು. ದಿನವಿಡೀ ನಿಂತು, ಲೋಕಲ್‌ನಲ್ಲೂ ನಿಂತು ಬಂದವಳಿಗೆ ಮೊದಲು ಸಿಗುತ್ತಿದ್ದ ಕನ್ನಡ ಅವರದು.

ಕೆಟ್ಟ ಟೇಪ್‌ರೆಕಾರ್ಡರಿನ ಮೋಟರು ತೆಗೆದು ಚಾಚಾ ಹಚ್ಚೆ ಮಶೀನು ಮಾಡುತ್ತಿದ್ದರು. ಮೋಟರಿನ ಚಕ್ರಕ್ಕೆ ನಡುವಿನಿಂದ ಕೊಂಚ ಸರಿದು ಒಂದು ಮೊಳೆ, ಆ ಮೊಳೆಗೆ ಸೂಜಿಯ ಕಡ್ಡಿ. ಚಕ್ರ ತಿರುಗಿದರೆ ಸೂಜಿ ಮೇಲೆ ಕೆಳಗೆ ಆಡುತ್ತದೆ. ಸೂಜಿ ಓಡಾಡುವ ಹಿತ್ತಾಳೆ ನಳಿಯನ್ನು ಮಶೀನಿನ ಮೈಗೇ ಬೆಸೆದುಬಿಡುತ್ತಿದ್ದರು. ಹತ್ತು ವರ್ಷ ಅಲುಗಾಡಬಾರದು ಎಂಬುದು ಅವರ ಹಟ. ಸ್ಟೇಷನ್ ಸೇತುವೆಯ ಬಳಿ ಕೂತು ಹಚ್ಚೆ ಹಾಕುತ್ತಿದ್ದ ಹೆಂಗಸು ಆ ಮಶೀನು ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ.

ಒಂದು ಸಂಜೆ ಚಾಚಾ ಕೇಳಿದರು. "ಅಕ್ಕಾರ, ನೀವು ದವಾಖಾನಿ ಮಂದಿ. ನಳಿ ಒಳಗ ಶಾಯಿ, ರಕ್ತ ಒಣಗಿ ಕುಂದರ್ತೈತಿ. ಏನ್ ಮಾಡೂದು?"

"ಸ್ಪಿರಿಟ್ ಹಾಕಿ ಒರೆಸಿದ್ರೆ ಸಾಕು ಚಾಚಾ," ಎಂದು ಮೆಟ್ಟಿಲು ಹತ್ತಿಬಿಟ್ಟೆ. ಸಾಲದು ಎಂದು ನನಗೆ ಗೊತ್ತಿತ್ತು. ಎರಡು ನಿಮಿಷ ನಿಂತು ಹೇಳುವಷ್ಟು ತಾಳ್ಮೆ ಇರಲಿಲ್ಲ, ಅಷ್ಟೇ.

ಕೆಲವು ತಿಂಗಳ ಮೇಲೆ ಆ ಹೆಂಗಸಿನ ತಂಗಿಗೆ ಕಾಮಾಲೆಯಾಯಿತು. ಅಕ್ಕನೇ ಅವಳ ತೋಳಿನ ಮೇಲೆ ಗಂಡನ ಹೆಸರು ಚುಚ್ಚಿದ್ದಳು. ಪರೀಕ್ಷೆಗೆ ಅವಳ ರಕ್ತ ಬಂದದ್ದು ನಮ್ಮ ಲ್ಯಾಬಿಗೇ. ರಕ್ತದಿಂದ ಹರಡುವ ಜಾತಿಯ ಕಾಮಾಲೆ. ಮಶೀನಿನಿಂದಲೇ ಬಂತೆಂದು ಆಣೆ ಮಾಡಿ ಹೇಳಲಾರೆ. ಆದರೆ ಸುದ್ದಿ ಹಬ್ಬಿ, ಅಕ್ಕನ ಮುಂದೆ ತೋಳು ಚಾಚುವವರೇ ಇಲ್ಲವಾದರು. ಅವಳಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಚಾಚಾನ ಬಳಿ ಹೋಗಿ ಹೇಳಿದೆ. "ತಪ್ಪು ನಂದು. ನಳಿ ಕುದಿಸ್ಬೇಕು ಅಂತ ಹೇಳ್ಬೇಕಾಗಿತ್ತು."

ಅವರು ಮಶೀನೊಂದನ್ನು ಎತ್ತಿ ಬೆಸುಗೆಯ ಮೇಲೆ ಉಗುರಾಡಿಸಿದರು. "ಹೇಳಿದ್ರೂ ಹೆಂಗ ಕುದಸ್ತಿದ್ಳು? ಬಿಚ್ಚಾಕ ಬರ್ತಿದ್ದಿಲ್ಲಲ್ಲ. ಬೆಸುಗಿ ಹಾಕಿದಾಂವ ನಾನು." ಆಮೇಲೆ ಎಷ್ಟು ಹೊತ್ತು ಕುದಿಸಬೇಕು ಎಂದು ಕೇಳಿದರು. ಈ ಸಲ ನಿಂತು ಹೇಳಿದೆ.

ಬೆಸುಗೆ ಬಿಟ್ಟು ನಳಿಯನ್ನು ಒಂದೇ ತಿರುಪುಮೊಳೆಯಲ್ಲಿ ಹಿಡಿಸಿದರು. ಮೋಟರಿನ ನಡುಕಕ್ಕೆ ಅದು ಸಡಿಲಾಗಿ ಸೂಜಿ ಓಲಾಡಿತು, ಉಗುರು ಸೀಳಿತು. ನಳಿ ಕೂರಲು ತೋಡು ಕೊರೆದು ಮತ್ತೆ ಮಾಡಿದರು. ಹಿತ್ತಾಳೆ ಹೋಗಿ ಸ್ಟೀಲು ಬಂತು. ಕೊಳೆ ಕೂರುವ ಮೂಲೆಗಳನ್ನೆಲ್ಲ ಅರದಿಂದ ಉಜ್ಜಿದರು. ಶಾಯಿ ಏರದಂತೆ ಮೋಟರಿಗೆ ಮುಚ್ಚಳ. ಒಂದು ಮಶೀನಿಗೆ ಹಲವು ನಳಿ: ಒಬ್ಬರಿಗೆ ಬಳಸಿದ್ದು ಕುದಿಯದೆ ಇನ್ನೊಬ್ಬರಿಗಿಲ್ಲ. ಸೂಜಿ ಪ್ರತಿಯೊಬ್ಬರಿಗೂ ಹೊಸದು. ಬೀದಿಯಲ್ಲಿ ಕೂತು ನೀರು ಕುದಿಸುವವರಾರು ಎಂದು ಹಚ್ಚೆಯವರು ಗೊಣಗಿದರೆ, ಚಹಾ ಕುದಿಸುವುದಿಲ್ಲವೇ ಎಂದು ಗದರುತ್ತಿದ್ದರು.

ಬೇರೆ ಹಚ್ಚೆಯವರಿಗೆ ಮಾರಿದ್ದ ಹಳೆಯ ಮಶೀನುಗಳನ್ನು ವಾಪಸು ತರಲು ಕುರ್ಲಾ, ಕಲ್ಯಾಣ ಎಂದು ತಾವೇ ಅಲೆದರು. ಆಗಲೇ ಅವರಿಗೆ ದಮ್ಮು ಹತ್ತಿತ್ತು. ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು ಬಂದು ಸ್ಟೂಲಿನ ಮೇಲೆ ಕುಸಿಯುತ್ತಿದ್ದರು. "ಮಾಡೂದಕ್ಕಿಂತ ಮಾಡಿದ್ದು ಬಿಚ್ಚೂದು ಭಾಳ ಬ್ಯಾಸರದ ಕೆಲಸ ನೋಡ್ರಿ," ಎಂದಿದ್ದರು ಒಮ್ಮೆ. ಸಾಕು ಬಿಡಿ ಎನ್ನಲು ನನಗೆ ಮುಖವಿರಲಿಲ್ಲ. ಎರಡು ವರ್ಷ ಹಾಗೆ ಅಲೆದು ಒಂದು ಬೆಳಿಗ್ಗೆ ತೀರಿಕೊಂಡರು.

ಮೂರನೆಯ ದಿನ ಆ ಹಚ್ಚೆಯ ಹೆಂಗಸು ತಂಗಿಯನ್ನೂ ಕರೆದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದಳು. ತಂಗಿ ಬಡಕಲಾಗಿದ್ದರೂ ಚೇತರಿಸಿಕೊಂಡಿದ್ದಳು. ಅಕ್ಕನ ಮುಂದೆ ಗಿರಾಕಿಗಳು ಮತ್ತೆ ಕೂರುತ್ತಿದ್ದರು. "ದೀದಿ, ಚಾಚಾ ಬೋಲ್ತೇ ಥೇ, ಗಲತೀ ಮೇರೀ ಮಶೀನ್ ಕೀ," ಎಂದಳು. ತಪ್ಪು ತನ್ನ ಮಶೀನಿನದು, ಕುದಿಸುವುದನ್ನು ಕಲಿಸಿ ಕಾಪಾಡಿದವರು ಮೇಲಿನ ಮನೆಯ ಲ್ಯಾಬಿನ ಅಕ್ಕ ಎಂದು ಚಾಚಾ ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದರಂತೆ.

ಅಕ್ಕತಂಗಿಯರು ನನ್ನ ಕಾಲು ಮುಟ್ಟಲು ಬಗ್ಗಿದರು. ಭುಜ ಹಿಡಿದು ತಡೆದೆ. ಒರೆಸಿದರೆ ಸಾಕು ಎಂದವಳು ನಾನೇ ಎಂಬ ನಿಜ ಮಾತ್ರ ಹೇಳಲಿಲ್ಲ.